ಐ.ಪಿ. ವಿಳಾಸವೂ ನ್ಯಾಯಸ್ಥಾನದ ಸಾಕ್ಷ್ಯವೂ

ಸಾಕ್ಷಿಯೆಂಬ ಪದವನ್ನು ವೈಯಾಕರಣರು ‘ಸಾಕ್ಷಾತ್ತಾಗಿ ಕಂಡವನು’ ಎಂಬ ಅರ್ಥದಲ್ಲಿ ಸಾಧಿಸುವರು. ನಡೆದುದನ್ನು ಕಣ್ಣಾರೆ ಕಂಡು, ನ್ಯಾಯಾಧಿಪತಿಯ ಮುಂದೆ ಬಂದು ನಿಂತು, ಕಂಡುದನ್ನು ಕಂಡಂತೆ ಹೇಳಿ, ಎದುರು ಕಕ್ಷಿಯ ವಕೀಲನ ಪಾಟೀಸವಾಲಿಗೆ ಮೈಯೊಡ್ಡತಕ್ಕವನೇ ಸಾಕ್ಷಿ. ಅವನಿಗೆ ಹಗೆತನವಿರಬಹುದು, ಆಸೆಯಿರಬಹುದು, ಮರೆವಿರಬಹುದು. ಆ ದೋಷಗಳನ್ನು ಹೊರಗೆಡಹುವ ಉಪಾಯಗಳನ್ನು ಧರ್ಮಶಾಸ್ತ್ರಕಾರರ ಕಾಲದಿಂದಲೂ ನ್ಯಾಯವೇತ್ತರು ಆಲೋಚಿಸುತ್ತ ಬಂದಿದ್ದಾರೆ. ಈಚಿನ ಇಪ್ಪತ್ತೈದು ಮೂವತ್ತು ವರ್ಷಗಳಿಂದ ನ್ಯಾಯಸ್ಥಾನಗಳ ಬಾಗಿಲಿಗೆ ಹೊಸದೊಂದು ಸಾಕ್ಷಿ ಬಂದು ನಿಂತಿದೆ. ಅದಕ್ಕೆ ಕಣ್ಣಿಲ್ಲ, ನಾಲಗೆಯಿಲ್ಲ. ಹಗೆತನವಂತೂ ಇಲ್ಲವೇ ಇಲ್ಲ. ನಡುನಡುವೆ ಚುಕ್ಕೆಗಳುಳ್ಳ ನಾಲ್ಕು ಸಂಖ್ಯೆಗಳ ಒಂದು ಸಾಲು ಅದು, ಐ.ಪಿ. ವಿಳಾಸವೆಂದು ಅದರ ಹೆಸರು. ಪಕ್ಷಪಾತವರಿಯದ ಸಾಕ್ಷಿಯೆಂಬ ಕಾರಣದಿಂದಲೇ ಅದಕ್ಕೆ ಪೋಲೀಸರಲ್ಲಿಯೂ ವಕೀಲರಲ್ಲಿಯೂ ಹೆಚ್ಚಿನ ಗೌರವ. ಅಂತಹ ಗೌರವಕ್ಕೆ ಅದು ಎಷ್ಟರಮಟ್ಟಿಗೆ ಪಾತ್ರವೆಂಬುದು ವಿಚಾರಮಾಡತಕ್ಕ ಸಂಗತಿ. ಏಕೆಂದರೆ ಅದರ ಮಾತನ್ನು ನಂಬಿ ಮನೆಯಿಂದ ಎಳೆದೊಯ್ಯಲ್ಪಟ್ಟವರಲ್ಲಿ ಕನ್ನಡನಾಡಿನವನೂ ಒಬ್ಬನಿದ್ದಾನೆ.

2007ನೆಯ ಇಸವಿ ಆಗಸ್ಟ್ 31ರಂದು, ಬೆಂಗಳೂರಿನಲ್ಲಿ ಗಣಕತಂತ್ರದ ಉದ್ಯೋಗದಲ್ಲಿದ್ದ ತರುಣನೊಬ್ಬನನ್ನು ಪುಣೆಯ ಪೋಲೀಸರು ಬಂದು ದಸ್ತಗಿರಿ ಮಾಡಿದರು. ಆ ದಿನಗಳಲ್ಲಿ ಬಹು ಜನಪ್ರಿಯವಾಗಿದ್ದು 2014ರಲ್ಲಿ ಮುಚ್ಚಿಹೋದ ಆರ್ಕುಟ್ ಎಂಬ ಸ್ನೇಹಕೂಟದ ತಾಣದಲ್ಲಿ, ಛತ್ರಪತಿ ಶಿವಾಜಿ ಮಹಾರಾಜರಿಗೆ ಅವಮಾನವಾಗುವಂತಹ ಚಿತ್ರ ಪ್ರಕಟವಾಗಿತ್ತು. ಅದನ್ನು ಹಾಕಿದವರಾರೆಂದು ಹುಡುಕಹೊರಟಾಗ ಒಂದು ಐ.ಪಿ. ವಿಳಾಸ ದೊರೆಯಿತು. ಆ ವಿಳಾಸವು ಆ ಹೊತ್ತಿನಲ್ಲಿ ಯಾರ ಪಾಲಿಗಿತ್ತೆಂದು ದೂರಸಂಪರ್ಕದ ಸಂಸ್ಥೆಯನ್ನು ಕೇಳಲಾಯಿತು. ಸಂಸ್ಥೆಯು ಈ ತರುಣನ ಹೆಸರನ್ನು ಕೊಟ್ಟಿತು. ಅಷ್ಟೇ. ಅವನು 50 ದಿನಗಳ ಕಾಲ ಬಂದಿಯಾಗಿದ್ದನು. ಸಂಸ್ಥೆ ಕೊಟ್ಟ ವಿವರವೇ ತಪ್ಪು, ಆ ವಿಳಾಸವು ಅವನದಾಗಿರಲೇ ಇಲ್ಲವೆಂಬುದು ಬಳಿಕ ಹೊರಬಿತ್ತು.

ಈ ಪ್ರಕರಣದಲ್ಲಿ ಗಮನಿಸತಕ್ಕುದೊಂದುಂಟು. ಇಲ್ಲಿ ಬೇಕೆಂದು ಸುಳ್ಳು ಹೇಳಿದವರು ಯಾರೂ ಕಾಣಬರುವುದಿಲ್ಲ. ಚಿತ್ರದ ತಾಣದವರು ತಮ್ಮ ಪುಸ್ತಕದಲ್ಲಿದ್ದುದನ್ನು ಕೊಟ್ಟರು; ದೂರಸಂಪರ್ಕದ ಗುಮಾಸ್ತನು ತನ್ನ ಪುಸ್ತಕದಲ್ಲಿ ಕಂಡುದನ್ನು ಕೊಟ್ಟನು; ಪೋಲೀಸರು ಕಾಗದದಲ್ಲಿದ್ದ ಮನೆಗೆ ಹೋದರು. ಸುಳ್ಳುಗಾರನ ಸುಳ್ಳನ್ನು ಜಾಣನಾದ ವಕೀಲನು ನಾಲ್ಕು ಪ್ರಶ್ನೆಗಳಲ್ಲಿ ಬಯಲಿಗೆಳೆದಾನು. ಯಾರೂ ಹೇಳದ ಸುಳ್ಳನ್ನು ಬಯಲಿಗೆಳೆಯುವುದೆಂತು?

ಅದಕ್ಕಾಗಿ ಈ ವಿಳಾಸವೆಂಬುದು ಏನೆಂದು ತುಸು ತಿಳಿಯಬೇಕಾಗುವುದು. ‘ವಿಳಾಸ’ವೆಂಬ ಹೆಸರೇ ಮೊದಲನೆಯ ಮೋಸ. ವಿಳಾಸವೆಂದೊಡನೆ ಅಂಚೆಯ ಜವಾನನು ಕಾಗದ ತಂದುಕೊಡುವ ಮನೆಯು ಕಣ್ಣಿಗೆ ಕಟ್ಟುವುದು. ಇಂತಹ ಬೀದಿ, ಇಂತಹ ನಂಬರು, ಅಪ್ಪ ಅಜ್ಜಂದಿರ ಕಾಲದಿಂದ ಅಲ್ಲಿಯೇ ಇರುವ ಕುಟುಂಬ. ಐ.ಪಿ. ವಿಳಾಸವಾದರೋ ಛತ್ರದ ಕೋಣೆಯಂತಹುದು. ಸಂಪರ್ಕವನ್ನು ಒದಗಿಸುವ ಸಂಸ್ಥೆಯ ಬಳಿಯಲ್ಲಿ ಇಂತಿಷ್ಟು ಸಂಖ್ಯೆಗಳ ದಾಸ್ತಾನಿರುತ್ತದೆ. ಮನೆಯ ಯಂತ್ರವು ಜಾಲಕ್ಕೆ ತಗುಲಿದಾಗ ಅವುಗಳಲ್ಲೊಂದನ್ನು ಸಾಮಾನ್ಯವಾಗಿ ಎರವಲು ಕೊಡುವರು. ಯಂತ್ರವು ನಿಂತರೆ, ಅಥವಾ ಅವಧಿ ತೀರಿದರೆ, ಅದನ್ನು ಹಿಂದಕ್ಕೆ ಪಡೆದು ಮತ್ತೊಬ್ಬರಿಗೆ ಕೊಡಬಹುದು. ಬೆಳಗ್ಗೆ ಮಲ್ಲೇಶ್ವರದ ಮನೆಯೊಂದರಲ್ಲಿದ್ದ ಸಂಖ್ಯೆಯು ಸಂಜೆ ಜಯನಗರದ ಮನೆಯೊಂದರಲ್ಲಿ ಇದ್ದೀತು. ಆದುದರಿಂದ ಇಂತಹ ಕೋಣೆಯೆಂದು ಹೇಳಿದರೆ ಸಾಲದು, ಯಾವ ರಾತ್ರಿಯೆಂಬುದನ್ನೂ ಹೇಳಬೇಕು. ಗಂಟೆ, ನಿಮಿಷ, ಸೆಕೆಂಡುಗಳ ಸಹಿತವಾದ ಕಾಲವು ಜತೆಯಲ್ಲಿಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಕಾಲವೆಂದೊಡನೆ ಗಡಿಯಾರದ ತೊಡಕು ಬಂದಿತು. ದೂರದೇಶಗಳ ಸರ್ವರುಗಳು ಬಹುಮಟ್ಟಿಗೆ ಜಾಗತಿಕ ಪ್ರಮಾಣಕಾಲದಲ್ಲಿ ದಾಖಲೆ ಬರೆದಿಡುತ್ತವೆ. ಭಾರತದ ಕಾಲವು ಅದಕ್ಕಿಂತ ಐದೂವರೆ ಗಂಟೆ ಮುಂದು. ಅಲ್ಲಿಯ ಪುಸ್ತಕದಲ್ಲಿ ರಾತ್ರಿ 11 ಗಂಟೆಯೆಂದಿದ್ದರೆ ಇಲ್ಲಿ ಮರುದಿನ ಬೆಳಗಿನ ಜಾವ ನಾಲ್ಕೂವರೆ. ಈ ವ್ಯತ್ಯಾಸವನ್ನು ಕೂಡಿಸಲು ಮರೆತರೆ, ಕೂಡಿಸುವ ಬದಲು ಕಳೆದರೆ, ಪೂರ್ವಾಹ್ಣವನ್ನು ಅಪರಾಹ್ಣವೆಂದು ಬಗೆದರೆ, ಸಂಖ್ಯೆಯು ಸರಿಯಾಗಿದ್ದರೂ ಮನೆಯು ಬೇರೆಯಾಗಿಬಿಡುವುದು. ಮುಹೂರ್ತದ ವಿಷಯದಲ್ಲಿ ಒಂದು ಘಳಿಗೆ ಹೆಚ್ಚುಕಡಿಮೆಯಾದರೆ ಪುರೋಹಿತರೊಡನೆ ಜಗಳವಾಡುವ ಗೃಹಸ್ಥರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಇರಲಿ, ಗಡಿಯಾರಗಳೆಲ್ಲ ಸರಿಯಾಗಿವೆ, ಗುಮಾಸ್ತನು ಎಚ್ಚರವಾಗಿದ್ದಾನೆ, ಸಂಖ್ಯೆಯು ಸರಿಯಾದ ಮನೆಗೇ ಕರೆದೊಯ್ದಿದೆಯೆಂದು ಭಾವಿಸೋಣವೆಂದರೂ ಕೆಲಸ ಮುಗಿಯದು. ಆಗ ದೊರೆಯುವುದು ಹಣ ಕಟ್ಟುವವನ ಹೆಸರು. ಕೆಲಸ ಮಾಡಿದವನ ಹೆಸರಲ್ಲ. ಒಂದು ಸಂಪರ್ಕದ ಮೇಲೆ ತಂದೆ, ತಾಯಿ, ಕಾಲೇಜಿಗೆ ಹೋಗುವ ಮಗ, ರಜೆಗೆಂದು ಬಂದ ಸೋದರಳಿಯ, ಮೇಲಂತಸ್ತಿನ ಬಾಡಿಗೆಯವರು, ಗೋಡೆಯಾಚೆಯ ನೆರೆಮನೆಯವರು — ಇಷ್ಟು ಮಂದಿಯೂ ಇರಬಹುದು. ಹೊರಗಿನ ಜಾಲಕ್ಕೆ ಅವರೆಲ್ಲರೂ ಒಂದೇ ಸಂಖ್ಯೆ. ಕನ್ನಡನಾಡಿನ ರೆವಿನ್ಯೂ ಇಲಾಖೆಯವರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳೆಂದು ಹೇಳಬೇಕು. ಪಹಣಿಯಲ್ಲಿ ಖಾತೆದಾರನ ಹೆಸರಿಗೆ ಒಂದು ಕಲಮು, ಸಾಗುವಳಿ ಮಾಡುವವನ ಹೆಸರಿಗೆ ಬೇರೊಂದು ಕಲಮು. ಖಾತೆಯು ಒಬ್ಬನದಾಗಿದ್ದು ನೇಗಿಲು ಮತ್ತೊಬ್ಬನದಾಗಿರಬಹುದೆಂಬುದು ಹಳ್ಳಿಯ ಶಾನುಭೋಗನಿಗೂ ತಿಳಿದಿದ್ದ ವಿಚಾರ. ಅಂತರ್ಜಾಲದ ಪಹಣಿಯಲ್ಲಿ ಎರಡನೆಯ ಕಲಮೇ ಇಲ್ಲ.

ಅಮೇರಿಕದ ಬಫೆಲೋ ನಗರದಲ್ಲಿ 2011ರ ಮಾರ್ಚಿಯಲ್ಲಿ ಇದು ಚೆನ್ನಾಗಿ ಪ್ರಕಟವಾಯಿತು. ಮಕ್ಕಳ ಅಶ್ಲೀಲ ಚಿತ್ರಗಳ ಅಪರಾಧಿಯನ್ನು ಅರಸುತ್ತ ಸಶಸ್ತ್ರರಾದ ಫೆಡರಲ್ ಅಧಿಕಾರಿಗಳು ಬೆಳಗಿನ ಜಾವದಲ್ಲಿ ಮನೆಯೊಂದಕ್ಕೆ ನುಗ್ಗಿ ಗೃಹಸ್ಥನನ್ನು ನೆಲಕ್ಕೆ ಕೆಡವಿದರು. ಸಂಖ್ಯೆಯು ಆ ಮನೆಯದೇ ಸರಿ. ಆದರೆ ಆ ಮನೆಯ ವೈಫೈಗೆ ಗುಪ್ತಪದದ ಬೀಗವಿರಲಿಲ್ಲ. ಅದನ್ನು ಉಪಯೋಗಿಸಿಕೊಂಡವನು ನೆರೆಯವನು.

ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ತೊಡಕಿದೆ. 1981ನೆಯ ಇಸವಿ ಸೆಪ್ಟೆಂಬರಿನಲ್ಲಿ ಈ ವಿಳಾಸಗಳ ಕ್ರಮವನ್ನು ಗೊತ್ತುಮಾಡಿದಾಗ ಅವುಗಳ ಒಟ್ಟು ಸಂಖ್ಯೆಯನ್ನು 429 ಕೋಟಿ 49 ಲಕ್ಷ 67 ಸಾವಿರದ 296ಕ್ಕೆ ಸೀಮಿತಗೊಳಿಸಿದರು. ಆಗಲೇ ಭೂಮಿಯ ಮೇಲೆ ಸುಮಾರು 450 ಕೋಟಿ ಜನರಿದ್ದರು, ತಲೆಗೊಂದರಂತೆಯೂ ಬರಲಾರದು. ಆದರೆ ಗಣಕವು ವಿಶ್ವವಿದ್ಯಾಲಯದಲ್ಲಿ ಕೂಡುವ ವಸ್ತುವೆಂದು ತಿಳಿದಿದ್ದ ದಿನಗಳಲ್ಲಿ ಅಷ್ಟು ಸಂಖ್ಯೆಗಳು ತೀರಿಹೋಗುವುವೆಂದು ಯಾರು ಶಂಕಿಸಿದ್ದಾರು? 2011ರ ಫೆಬ್ರವರಿ 3ರಂದು ಜಾಗತಿಕ ಕೇಂದ್ರದ ಕಣಜದಲ್ಲಿದ್ದ ಕೊನೆಯ ಭಾಗಗಳನ್ನೂ ಹಂಚಿ ಆಯಿತು. ಆಗ ಸಂಸ್ಥೆಗಳು ಕಂಡುಕೊಂಡ ಉಪಾಯವು ಬಡ ಸಂಸಾರದ ಉಪಾಯ: ಇರುವುದನ್ನೇ ಹಂಚಿಕೊಳ್ಳುವುದು. ಒಂದು ಮನೆಯವರಷ್ಟೇ ಅಲ್ಲದೆ, ಪರಸ್ಪರ ಗುರುತೇ ಇಲ್ಲದ ನೂರಾರು ಗ್ರಾಹಕರು ಏಕಕಾಲದಲ್ಲಿ ಹೊರಜಗತ್ತಿಗೆ ಒಂದೇ ವಿಳಾಸದಿಂದ ಕಾಣಿಸಿಕೊಳ್ಳುವಂತೆ ಮಾಡಿದರು. ಮೊಬೈಲಿನ ಜಾಲಗಳಲ್ಲಿ ಈ ಪದ್ಧತಿ ಸರ್ವಸಾಮಾನ್ಯ. ಆಗ ಯಾವ ರಾತ್ರಿಯೆಂಬುದನ್ನು ಹೇಳಿದರೂ ಸಾಲದು; ಕೋಣೆಯಲ್ಲಿ ನೂರು ಜನ ಮಲಗಿದ್ದಾರೆ. ಅವರಲ್ಲಿ ಒಬ್ಬನನ್ನು ಬೇರ್ಪಡಿಸಲು ಪೋರ್ಟ್ ಎಂಬ ಮತ್ತೊಂದು ಸಂಖ್ಯೆ ಬೇಕು. ತಾಣಗಳವರು ವಿಳಾಸ ಮತ್ತು ಕಾಲಗಳೊಂದಿಗೆ ಇದನ್ನೂ ಬರೆದಿಡಬೇಕೆಂದು ಅಂತರ್ಜಾಲದ ಎಂಜಿನಿಯರುಗಳ ಮಂಡಲಿಯು 2011ರ ಜೂನಿನಲ್ಲಿಯೇ ಸಲಹೆಮಾಡಿತು. ಸಲಹೆಯು ಸಲಹೆಯಷ್ಟೆ, ಬರೆದಿಡದವರು ಬಹಳ. ಯೂರೋಪಿನ ಪೋಲೀಸ್ ಸಂಸ್ಥೆಯಾದ ಯೂರೋಪೋಲ್, ಈ ಹಂಚಿಕೆಯ ಪದ್ಧತಿಯಿಂದ ಅಪರಾಧಿಗಳನ್ನು ಗುರುತಿಸಲಾಗದೆ ಹೋಗುತ್ತಿದೆಯೆಂದು 2017ರ ಅಕ್ಟೋಬರಿನಲ್ಲಿ ಬಹಿರಂಗವಾಗಿಯೇ ದೂರಿಕೊಂಡಿತು. ಪೋಲೀಸರೇ ಗುರುತಿಸಲಾಗದೆಂದು ದೂರುವ ಸಾಕ್ಷ್ಯವನ್ನು ಹಿಡಿದು ಆಪಾದಿತನು ಗುರುತಿಸಲ್ಪಟ್ಟಿದ್ದಾನೆಂದು ವಾದಿಸುವುದು ವಿಚಿತ್ರವಲ್ಲವೆ? ಹೊಸ ಕ್ರಮದ ಉದ್ದನೆಯ ವಿಳಾಸಗಳು ಬಂದಿವೆ, ಭಾರತದಲ್ಲಿ ಬಹಳವಾಗಿ ಬಳಕೆಯಲ್ಲಿಯೂ ಇವೆ. ಆದರೆ ಹಳೆಯವು ತೊಲಗಿಲ್ಲ.

ತಂತ್ರದ ತೊಡಕುಗಳನ್ನು ಇಷ್ಟಕ್ಕೆ ನಿಲ್ಲಿಸಿ ಮನುಷ್ಯನ ಬೆರಳಿನ ಕಡೆಗೆ ನೋಡಬಹುದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 2011ರಲ್ಲಿ ಗೃಹಸ್ಥನೊಬ್ಬನನ್ನು, ಹೇಳಲು ನಾಲಗೆ ಬಾರದಂತಹ ಆರೋಪದ ಮೇಲೆ, ಮಕ್ಕಳ ಅಶ್ಲೀಲ ಚಿತ್ರಗಳನ್ನು ಹಂಚಿದನೆಂಬ ಸಂಶಯದಿಂದ ದಸ್ತಗಿರಿ ಮಾಡಿದರು. ಅವನು ಏನನ್ನೂ ಮಾಡಿರಲಿಲ್ಲ. ವಿಳಾಸವನ್ನು ಟೈಪು ಮಾಡುವಾಗ ಪೋಲೀಸ್ ಕಚೇರಿಯಲ್ಲಿ ಒಂದು ಅಂಕಿ ಹೆಚ್ಚಾಗಿ ಬಿದ್ದಿತ್ತು. ಒಂದೇ ಒಂದು ಅಂಕಿ. ಆ ಅಂಕಿಯು ಅವನನ್ನು ಸ್ವಂತ ಮನೆಯಿಂದ, ತನ್ನ ಮಗುವಿನ ಬಳಿಯಿಂದ ದೂರಮಾಡಿತು. ಉದ್ಯೋಗಕ್ಕೂ ಮನಸ್ಸಿನ ಸ್ವಾಸ್ಥ್ಯಕ್ಕೂ ಕುತ್ತು ತಂದಿತು. ಅಷ್ಟೆಲ್ಲಕ್ಕೂ ಕಾರಣ ಒಂದು ಬೆರಳಚ್ಚಿನ ತಪ್ಪೆಂಬುದನ್ನು ತಿಳಿಯುವುದಕ್ಕೇ ಅವನು ವರ್ಷಗಳ ಕಾಲ ಹೋರಾಡಬೇಕಾಯಿತು. ಕಡೆಗೆ 60,000 ಪೌಂಡುಗಳ ಪರಿಹಾರ ದೊರೆಯಿತು. ಆ ದೇಶದಲ್ಲಿ ಇಂತಹ ತಪ್ಪುಗಳನ್ನು ಎಣಿಸಿ ವರ್ಷವರ್ಷವೂ ವರದಿಮಾಡುವ ಪದ್ಧತಿಯಿದೆ. 2016ರ ವರ್ಷದ ವರದಿಯಲ್ಲಿ ಮೇಲ್ವಿಚಾರಣೆಯ ಅಧಿಕಾರಿ ಸರ್ ಸ್ಟ್ಯಾನ್ಲಿ ಬರ್ನ್‌ಟನ್ನರು, ವಿಳಾಸದಿಂದ ವ್ಯಕ್ತಿಯನ್ನು ಹುಡುಕುವಾಗ ಆಗುವ ತಪ್ಪುಗಳು ಸಹಿಸಬಹುದಾದುದಕ್ಕಿಂತ ಹೆಚ್ಚಾಗಿವೆಯೆಂದು ಎಚ್ಚರಿಸಿದರು. ತಪ್ಪನ್ನು ಎಣಿಸುವ ಸರ್ಕಾರವು ತಪ್ಪನ್ನು ಮುಚ್ಚುವ ಸರ್ಕಾರಕ್ಕಿಂತ ಮೇಲೆಂಬುದರಲ್ಲಿ ಸಂದೇಹವಿಲ್ಲ.

ಈ ಸಂಖ್ಯೆಯನ್ನು ಭೂಪಟದ ಮೇಲೆ ಒಂದು ಸ್ಥಳವೆಂದೇ ತಿಳಿದವರ ಕಥೆ ಇನ್ನೂ ಸೋಜಿಗದ್ದು. ವಿಳಾಸಗಳು ಸುಮಾರಾಗಿ ಯಾವ ಊರಿನವೆಂಬುದನ್ನು ಊಹಿಸಿ ಪಟ್ಟಿ ಮಾಡಿ ಮಾರುವ ಸಂಸ್ಥೆಗಳುಂಟು. ಅಂತಹುದೊಂದು ಅಮೇರಿಕದ ಸಂಸ್ಥೆಯು, ಅಮೇರಿಕದ್ದೆಂಬುದರ ಹೊರತು ಮತ್ತೇನೂ ಗೊತ್ತಿಲ್ಲದ ವಿಳಾಸಗಳಿಗೆಲ್ಲ ದೇಶದ ನಡುಮಧ್ಯದ ಬಿಂದುವೊಂದನ್ನು ಬರೆದಿಟ್ಟಿತು. ಲೆಕ್ಕ ಸುಲಭವಾಗಲೆಂದು ಉತ್ತರಕ್ಕೆ 38, ಪಶ್ಚಿಮಕ್ಕೆ 97 ಎಂಬ ಪೂರ್ಣಾಂಕಗಳನ್ನು ಆರಿಸಿತು. ಆ ಬಿಂದುವು ಕಾನ್ಸಾಸ್ ಸಂಸ್ಥಾನದ ಪಾಟ್ವಿನ್ ಎಂಬ ಸಣ್ಣ ಊರಿನ ಬಳಿ ಒಂದು ಹೊಲಮನೆಯ ಮೇಲೆ ಬಿದ್ದಿತು. 2016ರಲ್ಲಿ ಪತ್ರಿಕೆಯವರು ಈ ಸಂಗತಿಯನ್ನು ಹೊರಗೆಡಹುವ ವೇಳೆಗೆ 60 ಕೋಟಿಗೂ ಮಿಕ್ಕ ವಿಳಾಸಗಳು ಆ ಹೊಲಕ್ಕೆ ತಳಕುಬಿದ್ದಿದ್ದುವು. ಕಳವಾದ ಯಂತ್ರಗಳನ್ನು ಅರಸುವವರು, ಓಡಿಹೋದ ಮಕ್ಕಳನ್ನು ಹುಡುಕುವವರು, ತೆರಿಗೆಯ ಮೋಸವನ್ನು ತನಿಖೆಮಾಡುವವರು, ಪೋಲೀಸರು, ಫೆಡರಲ್ ಅಧಿಕಾರಿಗಳು — ವರ್ಷಗಟ್ಟಲೆ ಆ ಮನೆಯ ಬಾಗಿಲನ್ನು ತಟ್ಟಿದರು. ‘ಗೊತ್ತಿಲ್ಲ’ವೆಂದು ಬರೆಯಬೇಕಾದ ಕಡೆಯಲ್ಲಿ ಅಂಕಿಯೊಂದನ್ನು ಬರೆದುದರ ಫಲ ಇದು. ಸಂಸ್ಥೆಯು ಬಳಿಕ ಆ ಬಿಂದುವನ್ನು ವಿಚಿಟಾ ನಗರದ ಪಶ್ಚಿಮಕ್ಕಿರುವ ಒಂದು ಸರೋವರದ ನಡುನೀರಿಗೆ ಸ್ಥಳಾಂತರಿಸಿತು. ಅಲ್ಲಿ ತಟ್ಟುವುದಕ್ಕೆ ಬಾಗಿಲಿಲ್ಲ.

ತರ್ಕಶಾಸ್ತ್ರವನ್ನು ಓದಿದ ಹಿರಿಯರು ಮನೆಯಲ್ಲಿದ್ದರೆ ಈ ದೋಷದ ಹೆಸರನ್ನು ಅವರು ಕ್ಷಣದಲ್ಲಿ ಹೇಳಿಯಾರು. ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿಯಾದ ಅನುಮಾನ, ಹೊಗೆಯಿರುವಲ್ಲೆಲ್ಲ ಬೆಂಕಿಯುಂಟು. ಅದನ್ನೇ ತಿರುಗಿಸಿ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಿದರೆ ಅನುಮಾನವು ಕೆಡುವುದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯ ಸಂಯೋಗವೆಂಬ ಉಪಾಧಿ ಕೂಡಿದಾಗ ಮಾತ್ರ ಬೆಂಕಿಯಿಂದ ಹೊಗೆ. ಜಾಲದಲ್ಲಿ ಯಾವ ಕೆಲಸವನ್ನು ಮಾಡಿದವನಿಗೂ ಒಂದು ವಿಳಾಸವಿರಲೇಬೇಕೆಂಬುದು ನಿಜ. ಈ ವಿಳಾಸವುಳ್ಳವನೇ ಆ ಕೆಲಸವನ್ನು ಮಾಡಿದವನೆಂಬುದು ತಿರುಗುಮುರುಗಾದ ಮಾತು. ಅದು ನಿಲ್ಲಬೇಕಾದರೆ ಆ ಹೊತ್ತಿನಲ್ಲಿ ಆ ಸಂಪರ್ಕವು ಅವನೊಬ್ಬನ ಕೈಯಲ್ಲಿಯೇ ಇತ್ತೆಂಬ ಹಸಿ ಸೌದೆಯನ್ನು ಫಿರ್ಯಾದಿಯು ತಂದು ತೋರಿಸಬೇಕು.

ಅಮೇರಿಕದ ಕೆಲವು ನ್ಯಾಯಾಧಿಪತಿಗಳು ಬೇರೆ ಮಾತುಗಳಲ್ಲಿ ಇದನ್ನೇ ಹೇಳಿದ್ದಾರೆ. ಚಲನಚಿತ್ರಗಳನ್ನು ಕದ್ದು ಇಳಿಸಿಕೊಂಡರೆಂದು ಸಾವಿರಾರು ಜನರ ಮೇಲೆ, ವಿಳಾಸಗಳ ಪಟ್ಟಿಯೊಂದರ ಬಲದಿಂದಲೇ, ದಾವೆಗಳನ್ನು ಹೂಡುವ ವ್ಯವಹಾರವೊಂದು ಅಲ್ಲಿ ಬೆಳೆದಿತ್ತು. ನ್ಯೂಯಾರ್ಕಿನ ಪೂರ್ವ ಜಿಲ್ಲೆಯ ಫೆಡರಲ್ ನ್ಯಾಯಸ್ಥಾನದ ಗ್ಯಾರಿ ಬ್ರೌನರು 2012ರ ಮೇ 1ರಂದು ಇಂತಹ ದಾವೆಗಳನ್ನು ವಿಚಾರಿಸಿ, ಸಂಪರ್ಕಕ್ಕೆ ಹಣ ಕಟ್ಟುವವನೇ ಚಿತ್ರವನ್ನು ಇಳಿಸಿಕೊಂಡವನೆಂಬ ಊಹೆಗೆ ಗಟ್ಟಿಯಾದ ಬುಡವಿಲ್ಲವೆಂದೂ, ಟೆಲಿಫೋನಿನ ನಂಬರು ಮಾತನಾಡಿದವನಾರೆಂಬುದನ್ನು ಹೇಳದಂತೆ ವಿಳಾಸವೂ ಹೇಳಲಾರದೆಂದೂ ಅಭಿಪ್ರಾಯಪಟ್ಟರು. 2018ರ ಆಗಸ್ಟ್ 27ರಂದು ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಸ್ಥಾನವು ಕಾಬ್ಲರ್ ನೆವಾಡ ಎಂಬ ಸಂಸ್ಥೆಯ ದಾವೆಯನ್ನು ತಳ್ಳಿಹಾಕಿದುದು ಇದೇ ಕಾರಣದಿಂದ. ಅಲ್ಲಿ ಸಂಪರ್ಕದ ಖಾತೆದಾರನು ಅಸಹಾಯರಾದ ವಯಸ್ಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಆಶ್ರಯಗೃಹವನ್ನು ನಡೆಸುತ್ತಿದ್ದನು. ನಿವಾಸಿಗಳೂ ಬಂದುಹೋಗುವವರೂ ಆ ಒಂದೇ ಸಂಪರ್ಕವನ್ನು ಉಪಯೋಗಿಸುತ್ತಿದ್ದರು. ಖಾತೆದಾರನೆಂಬುದೊಂದೇ ಸಾಲದು, ಮತ್ತೇನಾದರೂ ಬೇಕೆಂದು ನ್ಯಾಯಸ್ಥಾನ ಹೇಳಿತು.

ಹಾಗೆಂದು ಈ ಸಂಖ್ಯೆಯನ್ನು ನಿಷ್ಪ್ರಯೋಜಕವೆಂದು ಬಿಸುಡುವುದೂ ನ್ಯಾಯವಲ್ಲ. ಮುದುಕರ ಬ್ಯಾಂಕಿನ ಹಣವನ್ನು ದೋಚುವವರನ್ನು, ಮಕ್ಕಳನ್ನು ಪೀಡಿಸುವವರನ್ನು ಹಿಡಿಯುವ ದಾರಿಯಲ್ಲಿ ಮೊದಲ ಹೆಜ್ಜೆಯ ಗುರುತು ಎಷ್ಟೋ ವೇಳೆ ಇದೊಂದೇ. ಅದರಿಂದ ತನಿಖೆಯನ್ನು ಆರಂಭಿಸಬೇಕು. ಆ ಹೊತ್ತಿನಲ್ಲಿ ಆಪಾದಿತನು ಮನೆಯಲ್ಲಿದ್ದನೇ ಕಚೇರಿಯಲ್ಲಿದ್ದನೇ, ಅವನ ಯಂತ್ರದಲ್ಲಿ ಆ ಕೃತ್ಯದ ಕುರುಹು ಇದೆಯೇ, ಬೇರೆ ದಾಖಲೆಗಳು ಅದೇ ಕಡೆಗೆ ಬೊಟ್ಟುಮಾಡುವುವೇ ಎಂದು ನೋಡಿದ ಮೇಲೆ ಕೈಗೆ ಕೋಳ ತೊಡಿಸಿದರೆ ಯಾರೂ ಆಕ್ಷೇಪಿಸಲಾರರು. ಬೆಂಗಳೂರಿನ ಪ್ರಕರಣದಲ್ಲಿ ಕಾಗದವನ್ನು ಮತ್ತೊಮ್ಮೆ ತಾಳೆನೋಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು? 50 ದಿನಗಳಂತೂ ಹಿಡಿಯುತ್ತಿರಲಿಲ್ಲ.

ಭಾರತದ ಕಾನೂನು ಇಂತಹ ದಾಖಲೆಗಳನ್ನು ಸ್ವೀಕರಿಸುವ ಬಗೆಯನ್ನು ಕುರಿತು ಬಹಳವಾಗಿ ಚಿಂತಿಸಿದೆ. 1872ರ ಸಾಕ್ಷ್ಯದ ಅಧಿನಿಯಮಕ್ಕೆ 2000ದಲ್ಲಿ ಸೇರಿದ 65ಬಿ ಕಲಮು ಯಂತ್ರದ ದಾಖಲೆಗೆ ಪ್ರಮಾಣಪತ್ರವನ್ನು ಬೇಡಿತು. ಆ ಪತ್ರವು ಅವಶ್ಯವೆಂದು ಸುಪ್ರೀಂ ಕೋರ್ಟು 2014ರಲ್ಲಿ ಅನ್ವರ್ ಪ್ರಕರಣದಲ್ಲಿ ಹೇಳಿ, 2020ರಲ್ಲಿ ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ದೃಢಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿ ಪತ್ರಕ್ಕೆ ಎರಡು ಭಾಗ: ದಾಖಲೆಯನ್ನು ಒದಗಿಸುವವನದೊಂದು, ತಜ್ಞನದೊಂದು. ಯಂತ್ರವು ಸರಿಯಾಗಿ ನಡೆಯುತ್ತಿತ್ತು, ದಾಖಲೆಯನ್ನು ಯಾರೂ ತಿದ್ದಿಲ್ಲ — ಇಷ್ಟನ್ನು ಆ ಪತ್ರವು ಭರವಸೆಕೊಡುವುದು, ಅದು ಬೇಕಾದುದೇ. ಆದರೆ ತಪ್ಪಾಗಿ ಹುಡುಕಿ ತೆಗೆದ ಹೆಸರಿಗೂ ತಿದ್ದುಪಡಿಯಿಲ್ಲದ ಶುದ್ಧವಾದ ಪ್ರಮಾಣಪತ್ರವನ್ನು ಕೊಡಬಹುದು. ಪತ್ರವನ್ನು ಕಂಡೊಡನೆ ವಕೀಲರು ತೃಪ್ತರಾಗಿ ಕುಳಿತುಕೊಳ್ಳದೆ, ಆ ಕಾಲವು ಯಾವ ದೇಶದ ಕಾಲ, ಪೋರ್ಟ್ ಸಂಖ್ಯೆಯೆಲ್ಲಿ, ಆ ಹೊತ್ತಿನಲ್ಲಿ ಅದೇ ವಿಳಾಸದ ಮೇಲೆ ಎಷ್ಟು ಮಂದಿ ಗ್ರಾಹಕರಿದ್ದರು ಎಂಬ ಮೂರು ಪ್ರಶ್ನೆಗಳನ್ನಾದರೂ ಪಾಟೀಸವಾಲಿನಲ್ಲಿ ಕೇಳಬೇಕು.

ಇನ್ನು ದಾಖಲೆಗಳ ಆಯುಸ್ಸು. ಸರ್ಕಾರದ ಸೈಬರ್ ಭದ್ರತೆಯ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನಗಳನ್ನು ಹೊರಡಿಸಿ, ಗಡಿಯಾರಗಳನ್ನು ಗೊತ್ತಾದ ಸರ್ಕಾರಿ ಕಾಲಮಾನಕ್ಕೆ ಹೊಂದಿಸಬೇಕೆಂದೂ, ದಾಖಲೆಗಳನ್ನು 180 ದಿನಗಳವರೆಗೆ ಇಟ್ಟುಕೊಂಡಿರಬೇಕೆಂದೂ ವಿಧಿಸಿತು. ದೂರಸಂಪರ್ಕದ ಸಂಸ್ಥೆಗಳು ಗ್ರಾಹಕರ ಸಂಪರ್ಕದ ವಿವರಗಳನ್ನು ಎರಡು ವರ್ಷಗಳವರೆಗಾದರೂ ಕಾಪಾಡಬೇಕೆಂದು 2021ರ ಡಿಸೆಂಬರಿನಲ್ಲಿ ಅವುಗಳ ಪರವಾನಗಿಯ ಷರತ್ತನ್ನು ಬದಲಾಯಿಸಲಾಯಿತು. ಹೀಗೆ ಖಾತೆದಾರನ ಹೆಸರು ಎರಡು ವರ್ಷ ಉಳಿಯುವುದು. ಆ ಹೊತ್ತಿನಲ್ಲಿ ಮನೆಯೊಳಗಿನ ಯಾವ ಯಂತ್ರವು ಸಂಪರ್ಕದಲ್ಲಿತ್ತು, ತಂದೆಯದೋ ಮಗನದೋ ಗೋಡೆಯಾಚೆಯವನದೋ ಎಂಬುದನ್ನು ಹೇಳಬಲ್ಲ ಬರವಣಿಗೆಯಾದರೋ ನಡುಮನೆಯ ಮೂಲೆಯಲ್ಲಿ ಮಿಣಮಿಣನೆ ದೀಪ ಬೆಳಗಿಸುತ್ತ ಕುಳಿತಿರುವ ರೂಟರ್ ಎಂಬ ಚಿಕ್ಕ ಪೆಟ್ಟಿಗೆಯೊಳಗೆ ಇರತಕ್ಕುದು. ಅದು ಬರೆದುಕೊಳ್ಳುವುದು ಸ್ವಲ್ಪ. ಬರೆದುಕೊಂಡುದೂ ಸಾಮಾನ್ಯವಾಗಿ ಒಮ್ಮೆ ಕರೆಂಟು ಹೋಗಿ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ.